ವಿಷಯ: 1942ರ ಹೋಲ್‌ಸ್ಟರ್ (ಪಿಸ್ತೂಲು ಇಡುವ ಚರ್ಮದ ಚೀಲ) ಎಂದು ನೈಲಾನ್ ಹೊಲಿಗೆಯ ಮಾಲು ಕೊಟ್ಟ ಬಗ್ಗೆ ದೂರು

ಮಾನ್ಯರೇ,

ಮೂರು ಸಲ ಫೋನ್ ಮಾಡಿದೆ. ಎರಡು ಮೇಲ್ ಹಾಕಿದೆ. ಒಂದು ಸಲ ಮೈಸೂರಿನಿಂದ ಬಸ್ ಹತ್ತಿ ಬೆಂಗಳೂರಿನ ನಿಮ್ಮ ಅಂಗಡಿಗೇ ಬಂದೆ. ಇನ್ನು ಪತ್ರವೊಂದೇ ಬಾಕಿ.

14,500 ರೂಪಾಯಿಗೆ ನೀವು ಮಾರಿದ್ದು ಅಮೆರಿಕನ್ ಸೈನ್ಯದ ಎಂ1916 ಮಾದರಿಯ ಹೋಲ್‌ಸ್ಟರ್, .45 ಕೋಲ್ಟ್ ಪಿಸ್ತೂಲಿನದು. ಅಯೋವಾದ ಬಾಯ್ಟ್ ಕಂಪನಿ 1942ರಲ್ಲಿ ಮಾಡಿದ್ದು, ಯುದ್ಧದ ಕಾಲದಲ್ಲಿ ಎಚ್‌ಎಎಲ್‌ನಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದ ಅಮೆರಿಕನ್ನರು ಬಿಟ್ಟುಹೋದದ್ದು ಅಂತ ಬರೆದಿದ್ದಿರಿ. ಅಮೆರಿಕನ್ನರು ಬಂದಿದ್ದಂತೂ ನಿಜ.

ನಾನು ಸೈನ್ಯದಲ್ಲಿ 22 ವರ್ಷ ಸ್ಯಾಡ್ಲರ್, ಅಂದರೆ ಚರ್ಮದ ಸಾಮಾನು ಹೊಲಿಯುವವನು, ಆಗಿದ್ದವನು. ನಮ್ಮ ಕಸುಬಿನಲ್ಲಿ ಕಂಪನಿ ಮುದ್ರೆಯನ್ನು ಕೊನೆಗೆ ನೋಡುವುದು. ಆದರೂ ನೋಡಿದೆ. ‘ಬಾಯ್ಟ್ 42’ ಅಕ್ಷರಗಳ ಅಂಚು ಸುಟ್ಟು ಕಪ್ಪಾಗಿದೆ. ಅಚ್ಚು ಒತ್ತಿದರೆ ಚರ್ಮ ಕುಳಿ ಬೀಳುತ್ತದೆ, ಹೀಗೆ ಸುಡುವುದಿಲ್ಲ. ಇದು ಲೇಸರ್ ಕೆಲಸ. ಲೇಸರ್ ಹುಟ್ಟಿದ್ದೇ 1960ರಲ್ಲಿ. ನಿಮ್ಮ ‘ಹಿತ್ತಾಳೆ’ ಕೊಂಡಿಗೆ ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ಗಪ್ಪನೆ ಕಚ್ಚಿಕೊಂಡಿತು.

ಹೊಲಿಗೆ ನೈಲಾನ್. 1942ರಲ್ಲಿ ಅಮೆರಿಕದ ನೈಲಾನ್ ಪ್ಯಾರಾಚೂಟಿಗೆ ಹೋಗುತ್ತಿತ್ತು, ಹೆಂಗಸರ ಕಾಲುಚೀಲಕ್ಕೂ ಸಿಗುತ್ತಿರಲಿಲ್ಲ. ಈ ಹೋಲ್‌ಸ್ಟರಿಗೆ ಮಾತ್ರ ಯಾರೋ ಎತ್ತಿಟ್ಟಿದ್ದರು ಅನ್ನಿಸುತ್ತೆ.

ಇದನ್ನೇ ನಿಮ್ಮ ಕೌಂಟರಿನಲ್ಲಿ ಹೇಳಿದೆ. ಹುಡುಗ ಮೊಬೈಲಿನಿಂದ ತಲೆ ಎತ್ತದೆ, “ಯಾವ ದಾರ ಆದ್ರೇನು ಅಂಕಲ್, ಹೊಲಿದಿದೆ ಅಲ್ವಾ?” ಅಂದ. ಆಗಿನ ಕಾಲದ ಲಿನನ್ (ಅಗಸೆ ನಾರಿನ) ದಾರ ಉರಿದು ಬೂದಿಯಾಗುತ್ತೆ, ನೈಲಾನ್ ಕರಗುತ್ತೆ ನೋಡಪ್ಪ ಅಂತ ಒಂದೆಳೆ ಕಿತ್ತೆ. ಪಕ್ಕದ ಗಿರಾಕಿಯ ಲೈಟರ್ ಇಸ್ಕೊಂಡು ತುದಿಗೆ ಹಿಡಿದೆ. ಕರಗಿ ಸಾಸಿವೆ ಕಾಳಿನಷ್ಟು ಕಪ್ಪು ಗುಂಡಾಯಿತು. ಅದನ್ನು ನೋಡಿದನಾ? ಇಲ್ಲ. “ಸೆಕ್ಯೂರಿಟೀ, ಇಲ್ಲೊಬ್ರು ಬೆಂಕಿ ಹಚ್ತಿದ್ದಾರೆ!” ಅಂತ ಕೂಗಿದ. ನನ್ನ ರಟ್ಟೆ ಹಿಡಿದು ಮೆಟ್ಟಿಲ ತನಕ ಕರೆದುಕೊಂಡು ಹೋದರು. ಅಂಗಡಿಯಲ್ಲಿ ಏಳು ಜನ ಇದ್ದರು, ಎಣಿಸಿದ್ದೇನೆ. ಒಬ್ಬಳು ವಿಡಿಯೋ ಮಾಡುತ್ತಿದ್ದಳು. ಬಾಗಿಲು ದಾಟುವಾಗ ಹುಡುಗ ಹಿಂದಿನಿಂದ ಕೇಳಿದ: “ಅಂಕಲ್, ಗನ್ ಲೈಸೆನ್ಸ್ ಇದ್ಯಾ?”

ಖಾಲಿ ಚರ್ಮದ ಚೀಲಕ್ಕೆ! ನಾಳೆ ಕಾರಿನ ಸೀಟ್ ಕವರ್ ಮಾರಿದರೆ ಡ್ರೈವಿಂಗ್ ಲೈಸೆನ್ಸ್ ಕೇಳುತ್ತೀರಾ?

ಕೋಪ ಮಾಡಿಕೊಳ್ಳಬಾರದು ಅಂದುಕೊಂಡೇ ಬರೆಯಲು ಕೂತೆ. ನಿಮ್ಮ ಬಿಲ್ಲಿನ ಹಿಂದಿನ ಏಳನೇ ಷರತ್ತು ನಿಮಗೇ ಗೊತ್ತಿರುತ್ತೆ. ಅದರ ಪ್ರಕಾರ ಹತ್ತು ದಿನದೊಳಗೆ ಹಣ ವಾಪಸ್ ಬರಬೇಕಿತ್ತು. ಇವತ್ತಿಗೆ ನಲವತ್ತೊಂದು ದಿನ.

ಇನ್ನು ನಿಮ್ಮ ಹತ್ತಿರ ದುಡ್ಡು ಕೇಳುವುದಿಲ್ಲ. ಹೋಲ್‌ಸ್ಟರನ್ನೂ ಕೊಡುವುದಿಲ್ಲ, ಅದು ಸಾಕ್ಷಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನಿರುವ ಊರಿನಲ್ಲೇ ದೂರು ಹಾಕಬಹುದು. ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಹಾಕುತ್ತೇನೆ. ಈ ಸಲ ಬಸ್ ಹತ್ತುವುದು ನೀವು. ಆ ಹುಡುಗನನ್ನೂ ಕರೆತನ್ನಿ. ಹೋಲ್‌ಸ್ಟರಿನಲ್ಲಿ ಇನ್ನೂ ಬೇಕಾದಷ್ಟು ಹೊಲಿಗೆ ಉಳಿದಿದೆ, ಲೈಟರನ್ನೂ ಕೊಂಡಿದ್ದೇನೆ.

ಇಂತಿ,
ನಿಮ್ಮ ಗಿರಾಕಿ (ಮಾಜಿ)
ಮೈಸೂರು