ಮಗಳಿಗೊಂದು ಪತ್ರ: ಎಂಟು ಹೊಡೆಯುವ ಮೊದಲು

ಗದಗ

ಚಿರಂಜೀವಿ ಮಗಳಿಗೆ ಅವ್ವನ ಆಶೀರ್ವಾದಗಳು.

ನಿನ್ನ ಲೈಸನ್ಸಿನ ಟೆಸ್ಟಿಗೆ ತಾರೀಖು ಸಿಕ್ಕಿತೆಂದು ಮಾಮಾ ಫೋನ್ ಮಾಡಿ ಹೇಳಿದ. ಭಾಳ ಸಂತೋಷ ಆಯಿತು. ಎಲ್‌ಎಲ್ (ಕಲಿಯುವವರ ಲೈಸನ್ಸ್) ಮಾಡಿಸುವಾಗಲೇ ಗೇರ್ ಗಾಡಿ ಎಂದು ತುಂಬಿದ್ದು ಒಳ್ಳೆಯದಾಯಿತು. ಗೇರ್ ಗಾಡಿಯ ಲೈಸನ್ಸ್ ಇದ್ದವರು ಸ್ಕೂಟಿಯನ್ನೂ ಓಡಿಸಬಹುದು. ಗೇರ್ ಇಲ್ಲದ್ದಕ್ಕಷ್ಟೇ ಲೈಸನ್ಸ್ ತೆಗೆದವರು ಮುಂದೆ ಮನೆಯ ಸ್ಪ್ಲೆಂಡರ್ ಹತ್ತಬೇಕೆಂದರೆ ಹೊಳ್ಳಿ ಎಲ್‌ಎಲ್‌ನಿಂದ ಶುರು ಮಾಡಬೇಕು.

ಎಲ್‌ಎಲ್ ಕೊಟ್ಟ ದಿನದಿಂದ 30 ದಿನ ಆಗುವವರೆಗೆ ಟೆಸ್ಟಿಗೆ ಹೋಗಲು ಬರುವುದಿಲ್ಲ, ಆರು ತಿಂಗಳು ದಾಟಿದರೆ ಎಲ್‌ಎಲ್ ಮುಗಿದೇ ಹೋಗುತ್ತದೆ. ನಿನ್ನ ಬಳಿ ಇನ್ನೂ ದಿನ ಇವೆ. ಅವನ್ನು ಹೇಗೆ ಬಳಸಬೇಕು ಎಂದು ಹೇಳಲಿಕ್ಕೇ ಈ ಪತ್ರ. "ಗಾಡಿ ಓಡಿಸಲು ಬರುತ್ತದಲ್ಲ, ಟೆಸ್ಟ್ ಏನು ದೊಡ್ಡದು" ಎನ್ನುವವರು ಹಾಸ್ಟೆಲಿನಲ್ಲಿ ಇದ್ದೇ ಇರುತ್ತಾರೆ. ಟೆಸ್ಟಿನಲ್ಲಿ ಉದುರುವವರಲ್ಲಿ ಗಾಡಿ ಓಡಿಸಲು ಬಾರದವರಿಗಿಂತ ಸಾವಕಾಶ ಓಡಿಸಲು ಬಾರದವರೇ ಹೆಚ್ಚು.

ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರಿನಲ್ಲಿ ಗಾಡಿ ಬಹುಮಟ್ಟಿಗೆ ತಾನೇ ನೆಟ್ಟಗಿರುತ್ತದೆ. ಐದಾರು ಕಿಲೋಮೀಟರಿಗೆ, ಅಂದರೆ ಮನುಷ್ಯ ನಡೆಯುವ ವೇಗಕ್ಕೆ ಇಳಿದಾಗ ಆ ಆಸರೆ ಇರುವುದಿಲ್ಲ. ನೂರಾ ಹತ್ತು ಕಿಲೋದ ಆಸುಪಾಸಿನ ತೂಕವನ್ನು ಸಮ ಹಿಡಿಯುವ ಕೆಲಸ ಪೂರ್ತಿ ನಿನ್ನ ಕೈಗೆ, ಕಾಲಿಗೆ ಬರುತ್ತದೆ. ಟೆಸ್ಟಿನಲ್ಲಿ ಎಂಟು ಹೊಡೆಸುವುದು, ಅಂದರೆ 8ರ ಆಕಾರದ ಗೆರೆಯೊಳಗೆ ಕಾಲು ಊರದೆ ಗಾಡಿ ಸುತ್ತಿಸಲು ಹೇಳುವುದು, ಇದನ್ನು ನೋಡಲಿಕ್ಕೆ. ಹುಬ್ಬಳ್ಳಿಯ ದುರ್ಗದಬೈಲಿನ ಗದ್ದಲದಲ್ಲಿ ತರಕಾರಿ ಚೀಲದವರ ನಡುವೆ ಹೋಗುವಾಗ, ಚನ್ನಮ್ಮ ಸರ್ಕಲ್ಲಿನಲ್ಲಿ ಬಸ್ಸಿನ ಮಗ್ಗುಲಲ್ಲಿ ಅಂಗುಲ ಅಂಗುಲ ಸರಿಯುವಾಗ ಬೇಕಾಗುವುದೂ ಇದೇ ವಿದ್ಯೆ.

ಮೊದಲು ಕ್ಲಚ್. ಮೈದಾನದಲ್ಲಿ ಗಾಡಿ ನಿಲ್ಲಿಸಿ ಫಸ್ಟ್ ಗೇರ್ ಹಾಕು, ರೇಸ್ (ಆಕ್ಸಿಲರೇಟರ್) ಮುಟ್ಟಬೇಡ. ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತ ಹೋಗು. ಒಂದು ಕಡೆ ಇಂಜಿನ್ ಸದ್ದು ಕುಗ್ಗುತ್ತದೆ, ಗಾಡಿ ಮುಂದೆ ತೆವಳಲು ನೋಡುತ್ತದೆ. ಅದೇ ಹಾಫ್ ಕ್ಲಚ್. ಅಲ್ಲಿಗೆ ಬಂದ ಬೆರಳನ್ನು ಅಲ್ಲೇ ನಿಲ್ಲಿಸಲು ಕಲಿ. ಎರಡು ಗಾಡಿಯುದ್ದ ತೆವಳು, ಕ್ಲಚ್ ಒತ್ತಿ ನಿಲ್ಲು, ಮತ್ತೆ ತೆವಳು. ಬೆರಳಿಗೆ ಆ ಜಾಗ ತಾನೇ ಗೊತ್ತಾಗುವವರೆಗೆ ಎಂಟಿನ ಹೆಸರು ಎತ್ತಬೇಡ. ಸ್ಪ್ಲೆಂಡರಿನಂಥ ಗಾಡಿಗಳ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಇರುತ್ತವೆ, ಹತ್ತು ನಿಮಿಷ ಹಾಫ್ ಕ್ಲಚ್ಚಿನಲ್ಲಿ ಆಡಿಸಿದರೆ ಸುಟ್ಟುಹೋಗುವುದಿಲ್ಲ. ಆದರೂ ನಡುನಡುವೆ ಬಂದ್ ಮಾಡಿ ಆರಲು ಬಿಡು. ನಿನ್ನ ಎಡಗೈಗೂ ವಿಶ್ರಾಂತಿ ಬೇಕು.

ಆಮೇಲೆ ಕ್ಲಚ್, ರೇಸ್, ಹಿಂದಿನ ಬ್ರೇಕ್ ಮೂರನ್ನೂ ಕೂಡಿಸು. ರೇಸ್ ಸ್ವಲ್ಪವೇ ಕೊಟ್ಟು ಒಂದೇ ಸಮ ಹಿಡಿ, ಏರಿಳಿಸಬೇಡ. ವೇಗ ಹೆಚ್ಚು ಕಡಿಮೆ ಮಾಡುವ ಕೆಲಸ ಕ್ಲಚ್ಚಿಗೆ ಮತ್ತು ಹಿಂದಿನ ಬ್ರೇಕಿಗೆ ಇರಲಿ. ಬಲಗಾಲು ಹಿಂದಿನ ಬ್ರೇಕನ್ನು ಮುಟ್ಟಿದಂತೆಯೇ ಇರಬೇಕು, ತುಳಿದಂತೆ ಅಲ್ಲ. 2019ರಿಂದ ಈಚಿನ 125 ಸಿಸಿವರೆಗಿನ ಹೆಚ್ಚಿನ ಗಾಡಿಗಳಲ್ಲಿ ಎರಡೂ ಬ್ರೇಕ್ ಕೂಡಿಸಿದ ವ್ಯವಸ್ಥೆ ಇರುತ್ತದೆ. ಹಿಂದಿನದನ್ನು ಜೋರಾಗಿ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಅದಕ್ಕೇ ಹಗೂರ ಎನ್ನುವುದು.

ಮುಂದಿನ ಬ್ರೇಕಿನ ಮೇಲಿಂದ ಬೆರಳು ತೆಗೆದೇ ಎಂಟು ಹೊಡೆಯಬೇಕು. ನೆಟ್ಟಗೆ ಹೋಗುವಾಗ ಗಾಡಿ ನಿಲ್ಲಿಸುವ ಶಕ್ತಿ ಹೆಚ್ಚು ಇರುವುದು ಮುಂದಿನದಕ್ಕೇ, ರಸ್ತೆಯ ಮೇಲೆ ಅದನ್ನು ಬಿಟ್ಟರೆ ತಪ್ಪು. ಆದರೆ ಹ್ಯಾಂಡಲ್ ಹೊಳ್ಳಿಸಿದ್ದಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿಯ ಭಾರವೆಲ್ಲ ಹೊಳ್ಳಿದ ಕಡೆಗೇ ಬೀಳುತ್ತದೆ. ಆಗ ಕಾಲು ಊರದೆ ಗತ್ಯಂತರವಿಲ್ಲ, ಊರಿದರೂ ಕೆಲವೊಮ್ಮೆ ತಡೆಯಲಿಕ್ಕಾಗುವುದಿಲ್ಲ. ಎಂಟಿನಲ್ಲಿ ಬಿದ್ದವರಲ್ಲಿ ಹೆಚ್ಚಿನವರು ಹೀಗೇ ಬಿದ್ದಿರುತ್ತಾರೆ: ಹೆದರಿಕೆ, ಬಲಗೈ ಬಿಗಿ, ಮುಂದಿನ ಬ್ರೇಕ್.

ಎರಡನೆಯ ಕಾರಣ ಕಣ್ಣು. ಮುಂದಿನ ಗಾಲಿಯನ್ನೇ ನೋಡುತ್ತ ಹೋದರೆ ಗಾಡಿ ಓಲಾಡುತ್ತದೆ. ಕಲ್ಲನ್ನು ನೋಡಿದರೆ ಕಲ್ಲಿನ ಕಡೆಗೇ ಹೋಗುತ್ತದೆ. ಎಂಟಿನ ಸುತ್ತಿನಲ್ಲಿ ನಿನ್ನ ಗದ್ದ ಭುಜದ ಮೇಲೆ ಬರುವಷ್ಟು ತಲೆ ಹೊಳ್ಳಿಸಿ, ಸುತ್ತಿನ ಆಚೆ ತುದಿಯನ್ನು ನೋಡು. ಎರಡು ಸುತ್ತು ಕೂಡುವ ನಡುವಿಗೆ ಬರುವ ಮೊದಲೇ ಮುಂದಿನ ಸುತ್ತಿಗೆ ಕಣ್ಣು ಹೋಗಿರಬೇಕು, ಹ್ಯಾಂಡಲ್ ಅದರ ಹಿಂದೆ ತಾನೇ ಬರುತ್ತದೆ. ನಡುವಿನಲ್ಲಿ ಒಂದು ಗಳಿಗೆ ಗಾಡಿ ನೆಟ್ಟಗಾಗುತ್ತದೆ, ಅಲ್ಲಿ ರೇಸ್ ಬಿಡುವ ಚಟ ಎಲ್ಲರಿಗೂ ಇರುತ್ತದೆ. ಬಿಡಬೇಡ. ಫಸ್ಟ್ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟಿದ್ದು, ರೇಸನ್ನೂ ತಟ್ಟನೆ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಂದಕ್ಕೆ ಎಳೆದಂತಾಗಿ ಮುಗ್ಗರಿಸುತ್ತದೆ. ಮತ್ತೆ ರೇಸ್ ಕೊಟ್ಟಾಗ ಜಿಗಿಯುತ್ತದೆ. ಆ ಜಿಗಿತಕ್ಕೇ ಗೆರೆ ದಾಟುವುದು.

ಮೈಯನ್ನು ಗಾಡಿಯ ಜೊತೆ ವಾಲಿಸಬೇಡ. ವೇಗದ ತಿರುವಿನಲ್ಲಿ ಅದು ಸರಿ. ನಡಿಗೆಯ ವೇಗದಲ್ಲಿ ಗಾಡಿ ಒಳಗೆ ವಾಲಲಿ, ನೀನು ನೆಟ್ಟಗೆ ಅಥವಾ ಒಂದಿಷ್ಟು ಹೊರಗೇ ಕೂಡು. ಮೊಣಕಾಲು ಟ್ಯಾಂಕಿಗೆ ಹತ್ತಿರಲಿ, ಮೊಣಕೈ ಸಡಿಲ ಇರಲಿ. ಕೈ ಬಿಗಿ ಹಿಡಿದರೆ ಹ್ಯಾಂಡಲ್ ಪೂರ್ತಿ ಹೊಳ್ಳುವುದೇ ಇಲ್ಲ.

ಅಭ್ಯಾಸಕ್ಕೆ ರಂಗೋಲಿ ಪುಡಿಗಿಂತ ಒಳ್ಳೆಯದು ಇಲ್ಲ. ಮನೆ ಏಳದ ಹೊಸ ಲೇಔಟ್ ಇರುತ್ತವಲ್ಲ, ಅಂಥಲ್ಲಿ ಮುಂಜಾನೆ ಹೋಗಿ, ಉಸುಕು ತುಂಬಿದ ನೀರಿನ ಬಾಟಲಿ ಎರಡನ್ನು ಹತ್ತು ಹೆಜ್ಜೆ ಅಂತರದಲ್ಲಿ ಇಟ್ಟು, ಸುತ್ತ ಎಂಟು ಬರೆ. ಬರೀ ಬಲಕ್ಕೆ ಸುತ್ತು, ಆಮೇಲೆ ಬರೀ ಎಡಕ್ಕೆ. ಬಲಕ್ಕೆ ಹೊಳ್ಳುವುದು ಹೆಚ್ಚಿನವರಿಗೆ ಕಷ್ಟ: ಹ್ಯಾಂಡಲ್ ಬಲಕ್ಕೆ ಪೂರ್ತಿ ಹೋದಾಗ ರೇಸಿನ ಮಣಿಕಟ್ಟು ಮಡಚುತ್ತದೆ, ಗೊತ್ತಿಲ್ಲದೇ ರೇಸ್ ಏರುತ್ತದೆ. ಅದಕ್ಕೆ ಬಲಗೈ ಮಣಿಕಟ್ಟು ಮೊದಲೇ ಸ್ವಲ್ಪ ತಗ್ಗಿಸಿ ಹಿಡಿಯಬೇಕು. ಎರಡೂ ಕಡೆ ಹಿಡಿತ ಬಂದ ಮೇಲೆ ಎಂಟು. ಬಾಟಲಿಗಳನ್ನು ಒಂದೊಂದು ಹೆಜ್ಜೆ ಹತ್ತಿರ ತಾ. ಟೆಸ್ಟಿನ ಎಂಟಿಗಿಂತ ಚಿಕ್ಕದರಲ್ಲಿ ಸಲೀಸಾದರೆ ಅಲ್ಲಿಯದು ಅಗಲವಾಗಿ ಕಾಣುತ್ತದೆ. ಎರಿ ಮಣ್ಣಿನ, ಅಂದರೆ ಕಪ್ಪು ಮಣ್ಣಿನ ಜಾಗ ಮಾತ್ರ ಬೇಡ. ಒಂದು ಮಳೆ ಬಿದ್ದರೂ ಆ ಮಣ್ಣು ಟೈರಿಗೆ ಮೆತ್ತಿಕೊಂಡು ಗಾಲಿ ಸುತ್ತುವುದೇ ಇಲ್ಲ.

ರಸ್ತೆಗೆ ಇಳಿದಾಗ ಮಾಮಾ ಹಿಂದೆ ಕೂತಿರಲಿ. ಎಲ್‌ಎಲ್ ಮೇಲೆ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ, ಗೆಳತಿಯರನ್ನಂತೂ ಬೇಡವೇ ಬೇಡ. ಮುಂದೆ, ಹಿಂದೆ ಎರಡೂ ಕಡೆ ಬಿಳಿಯ ಮೇಲೆ ಕೆಂಪು ಎಲ್ ಇರಬೇಕು. ಹಲಗೆ ಕನಿಷ್ಠ 18 ಸೆಂಟಿಮೀಟರ್ ಚೌಕ, ಅಕ್ಷರ 10 ಸೆಂಟಿಮೀಟರ್ ಎತ್ತರ ಎಂದು ನಿಯಮದಲ್ಲೇ ಇದೆ. ಸ್ಟಿಕರ್ ಅಂಗಡಿಯವರು ಕೊಡುವ ಅಂಗೈಯಗಲದ್ದನ್ನು ಅಂಟಿಸಬೇಡ.

ಯಾವ ಗಾಡಿಯ ಮೇಲೆ ಟೆಸ್ಟ್ ಕೊಡುತ್ತೀಯೋ ಅದರ ಮೇಲೇ ಕಲಿ. ಸ್ಪ್ಲೆಂಡರಿನಲ್ಲಿ ನಾಲ್ಕೂ ಗೇರ್ ಮುಂದಕ್ಕೆ ತುಳಿಯುವವು, ಪಲ್ಸರಿನಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ಕೊನೇ ದಿನ ಯಾರದೋ ಗಾಡಿ ತಂದರೆ ಕಾಲು ಹಳೆಯ ರೂಢಿಯಲ್ಲೇ ಆಡುತ್ತದೆ. ಕ್ಲಚ್ ಹಿಡಿಕೆಯ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇದೆಯೇ ನೋಡು. ಸಡಿಲ ಹೆಚ್ಚಾದರೆ ಒತ್ತಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ನ್ಯೂಟ್ರಲ್ ಸಿಗುವುದಿಲ್ಲ, ಗಾಡಿ ಎಳೆಯುತ್ತಲೇ ಇರುತ್ತದೆ. ಕಡಿಮೆಯಾದರೆ ಪ್ಲೇಟು ಜಾರಿ ಸವೆಯುತ್ತವೆ. ಕೇಬಲ್ಲಿನ ನಟ್ಟನ್ನು ಮಾಮಾನೇ ತಿರುಗಿಸಿಕೊಡುತ್ತಾನೆ. ಟೈರಿನ ಗಾಳಿಯನ್ನು ಹಿಂದಿನ ದಿನವೇ ನೋಡಿಸು. ಗಾಡಿಯ ಪುಸ್ತಕದಲ್ಲಿ ಎಷ್ಟು ಎಂದಿದೆಯೋ ಅಷ್ಟು. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಸಾವಕಾಶ ಹೊಳ್ಳಿಸುವಾಗ ಹ್ಯಾಂಡಲ್ ಕಲ್ಲಿನಂತೆ ಭಾರವಾಗುತ್ತದೆ, ಅದನ್ನು ತಮ್ಮ ತಪ್ಪೆಂದು ತಿಳಿಯುವವರು ಭಾಳ ಮಂದಿ.

ಎಂಟು ಒಂದೇ ಅಲ್ಲ. ಕೈ ತೋರಿಸುವುದನ್ನೂ ಕೇಳುತ್ತಾರೆ. ಬಲಕ್ಕಾದರೆ ಬಲಗೈ ನೆಟ್ಟಗೆ ಚಾಚಿ ಅಂಗೈ ಮುಂದೆ. ಎಡಕ್ಕಾದರೆ ಅದೇ ಬಲಗೈ ಚಾಚಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತಿಸಬೇಕು. ನಿಧಾನ ಮಾಡುವಾಗ ಅಂಗೈ ನೆಲಕ್ಕೆ ಮಾಡಿ ಮೇಲೆ ಕೆಳಗೆ ಆಡಿಸುವುದು. ನಿಲ್ಲಿಸುವಾಗ ಮುಂಗೈ ಮೇಲೆತ್ತಿ ಅಂಗೈ ಮುಂದೆ. ಬಲಗೈ ತೆಗೆದ ಕೂಡಲೇ ರೇಸ್ ತಾನೇ ಮುಚ್ಚಿಕೊಳ್ಳುತ್ತದೆ, ಗಾಡಿ ಕುಗ್ಗುತ್ತದೆ. ಅದಕ್ಕೆ ತಿರುವಿಗೆ ಸಾಕಷ್ಟು ಮೊದಲು, ನೆಟ್ಟಗೆ ಹೋಗುವಾಗಲೇ, ಸೆಕೆಂಡ್ ಗೇರಿನಲ್ಲಿ ಕೈ ತೋರಿಸಿ, ಕೈ ಹ್ಯಾಂಡಲಿಗೆ ತಂದು, ಆಮೇಲೆ ಹೊಳ್ಳಬೇಕು. ತಿರುವಿನ ನಡುವೆ ಒಂದು ಕೈಯಲ್ಲಿ ಇರಬಾರದು.

ಏರಿನಲ್ಲಿ ನಿಂತು ಹೊರಡುವುದನ್ನು ಧಾರವಾಡದಲ್ಲಿ ಕಲಿಯಲಿಕ್ಕೆ ಜಾಗ ಹುಡುಕುವ ಕಷ್ಟ ಇಲ್ಲ, ವಿಶ್ವವಿದ್ಯಾಲಯದ ಗುಡ್ಡವೇ ಇದೆ. ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿಗೆ. ಸ್ವಲ್ಪ ರೇಸ್ ಕೊಟ್ಟು ಕ್ಲಚ್ಚನ್ನು ಹಾಫಿಗೆ ತಾ. ಸದ್ದು ಕುಗ್ಗಿ ಗಾಡಿ ಮುಂದೆ ತಳ್ಳುವುದು ತಿಳಿದ ಮೇಲೆ ಬ್ರೇಕ್ ಬಿಡು. ಮೊದಲೇ ಬಿಟ್ಟರೆ ಹಿಂದೆ ಜಾರುತ್ತದೆ, ಆ ಗಾಬರಿಯಲ್ಲಿ ಕ್ಲಚ್ ಬಿಟ್ಟು ಇಂಜಿನ್ ಆರಿಸುತ್ತಾರೆ.

ಆ ದಿನ ಎಲ್‌ಎಲ್ ಮೂಲಪ್ರತಿ, ತಾರೀಖಿನ ಚೀಟಿ, ವಯಸ್ಸು ಮತ್ತು ವಿಳಾಸದ ದಾಖಲೆ, ಜೊತೆಗೆ ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಚೀಟಿ ಒಂದೇ ಕವರಿನಲ್ಲಿ ಇಟ್ಟುಕೋ. ಇನ್ಶೂರೆನ್ಸ್ ಮುಗಿದ ತಾರೀಖನ್ನು ಮಾಮಾ ನೋಡಿರುವುದಿಲ್ಲ, ನೀನೇ ನೋಡು. ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ, ಪಟ್ಟಿಯ ಕೊಂಡಿ ಟಕ್ ಎನ್ನುವವರೆಗೆ ಬಿಗಿ. ಚಪ್ಪಲಿ ಬೇಡ, ಬೂಟು ಇರಲಿ. ವೇಲ್ ಹಾಕಲೇ ಬೇಡ. ಹಾಕಲೇಬೇಕಾದರೆ ಸೊಂಟಕ್ಕೆ ಸುತ್ತಿ ಗಂಟು ಹಾಕು. ಜೋತುಬಿದ್ದ ವೇಲ್ ಹಿಂದಿನ ಗಾಲಿಗೆ ಸಿಕ್ಕರೆ ಕುತ್ತಿಗೆಯನ್ನೇ ಎಳೆಯುತ್ತದೆ.

ಟೆಸ್ಟ್ ತೆಗೆದುಕೊಳ್ಳುವ ಸಾಹೇಬರು ಕರೆದಾಗ ಗಾಡಿ ಹತ್ತಿ ಕನ್ನಡಿ ಎರಡೂ ಸರಿಮಾಡು, ಸೈಡ್ ಸ್ಟ್ಯಾಂಡ್ ಎತ್ತು, ನ್ಯೂಟ್ರಲ್ ದೀಪ ನೋಡಿ ಸ್ಟಾರ್ಟ್ ಮಾಡು. ಈಚಿನ ಎಷ್ಟೋ ಗಾಡಿಗಳಲ್ಲಿ ಸ್ಟ್ಯಾಂಡ್ ಕೆಳಗಿದ್ದು ಗೇರ್ ಹಾಕಿದರೆ ಇಂಜಿನ್ ಆರುತ್ತದೆ. ಗಾಡಿ ಕೆಟ್ಟಿತೆಂದು ಅಲ್ಲೇ ಗಾಬರಿಯಾಗಿ ಬೆವರುವವರಿದ್ದಾರೆ. ಹೊರಡುವ ಮೊದಲು ಬಲಭುಜದ ಮೇಲಿಂದ ಒಮ್ಮೆ ಹಿಂದೆ ನೋಡು. ಎದುರಿನವರು ಲಗೂ ಮುಗಿಸಿದರೆಂದು ನೀನು ಲಗೂ ಮಾಡಬೇಡ.

ಆಗಲಿಲ್ಲ ಅನ್ನೋಣ. ಏಳು ದಿನ ಕಳೆದ ಮೇಲೆ ಹೊಳ್ಳಿ ಹೋಗಬಹುದು, ಟೆಸ್ಟಿನ 300 ರೂಪಾಯಿ ಮತ್ತೆ ಕಟ್ಟಬೇಕು. ಮೂರು ಸಲ ಆಗದಿದ್ದರೆ ಮಾತ್ರ ಕೊನೆಯ ಟೆಸ್ಟಿನಿಂದ 60 ದಿನ ತಡೆಯಬೇಕು. ಯಾವ ಕಡೆ ಕಾಲು ಊರಿದೆ, ಬಲಸುತ್ತಿನಲ್ಲೋ ಎಡಸುತ್ತಿನಲ್ಲೋ, ಅದನ್ನು ನೆನಪಿಟ್ಟು ಆ ಒಂದನ್ನೇ ತಿದ್ದಿಕೋ. ಏಜೆಂಟರು ಯಾರಾದರೂ "ಕೊಡ್ರಿ, ಮಾಡಿಸ್ತೀವಿ" ಎಂದರೆ ಕೈಮುಗಿದು ಬಂದುಬಿಡು. ಎಂಟು ಬಾರದವಳ ಕೈಗೆ ಲೈಸನ್ಸ್ ಬಂದರೆ ನನಗೆ ನಿದ್ದೆ ಬರುವುದಿಲ್ಲ.

ಪಾಸಾದ ಮೇಲೆ ಹುಬ್ಬಳ್ಳಿಗೆ ಹೋಗುವಾಗ ಚಿಗರಿ ಬಸ್ಸಿಗೇ ಮೀಸಲಾದ ಹಾದಿಗೆ ನುಗ್ಗಬೇಡ, ಅದು ಖಾಲಿ ಕಂಡರೂ ನಮ್ಮದಲ್ಲ. ಅದರ ನಿಲ್ದಾಣಗಳ ಮುಂದೆ ಜನ ರಸ್ತೆ ದಾಟುತ್ತಿರುತ್ತಾರೆ, ಮೊದಲೇ ಗೇರ್ ಇಳಿಸಿಕೋ. ಅಣ್ಣಿಗೇರಿ ಮೇಲೆ ಗದಗಿಗೆ ಒಬ್ಬಳೇ ಬರುವ ಮಾತು ಈಗಲೇ ಬೇಡ. ಸುಗ್ಗಿಯಲ್ಲಿ ಊರ ರಸ್ತೆಗಳ ಮೇಲೆ ಗೋವಿನಜೋಳ ಒಣಹಾಕಿರುತ್ತಾರೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಹೋಗಲೇಬೇಕಾಗಿ ಬಂದರೆ ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೆಟ್ಟಗೆ ಹಿಡಿದು, ಬ್ರೇಕ್ ಮುಟ್ಟದೆ ದಾಟು. ಹೊಲದಿಂದ ಬಂದ ಟ್ರ್ಯಾಕ್ಟರ್ ಉದುರಿಸಿದ ಎರಿ ಮಣ್ಣು ಮಳೆಗೆ ಹಸಿಯಾದಾಗಲೂ ಹಾಗೇ.

ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವ ಮೊದಲು ಹಿಂದಿನ ಟೈರಿಗೆ ಇಬ್ಬರ ಲೆಕ್ಕದ ಗಾಳಿ ಹಾಕಿಸು, ಮೈದಾನದಲ್ಲೇ ಒಮ್ಮೆ ಮಾಮಾನನ್ನು ಕೂರಿಸಿ ಎಂಟು ಹೊಡೆದು ನೋಡು. ಕಾರ್ಡ್ ಬಂದಾಗ ಹೆಸರಿನ ಅಕ್ಷರ, ಹುಟ್ಟಿದ ತಾರೀಖು, ಗೇರ್ ಗಾಡಿ ಎಂದು ಬಂದಿದೆಯೇ ಎಲ್ಲ ಓದು. ನಿನ್ನ ವಯಸ್ಸಿನವರಿಗೆ ಅದು 40 ವರ್ಷ ತುಂಬುವವರೆಗೆ ನಡೆಯುವುದು, ತಪ್ಪಿದ್ದರೆ ಅದೇ ವಾರ ತಿದ್ದಿಸು. ಎರಡೂ ಕಡೆಯ ಫೋಟೋ ತೆಗೆದು ನನಗೂ ಕಳಿಸು.

ಇಂತಿ ನಿನ್ನ
ಅವ್ವ