ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರು ಯಾರು?

ಮಾನ್ಯ ಸಂಪಾದಕರೇ,

ನಮ್ಮ ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಈಗ ಕಂಪ್ಯೂಟರ್ ಇಲ್ಲದ ಆಫೀಸ್ ಸಿಗುವುದು ಕಷ್ಟ. ರೈಸ್‌ಮಿಲ್, ದಲಾಲಿ ಅಂಗಡಿ, ಸೊಸೈಟಿ, ಕಾಲೇಜು, ನರ್ಸಿಂಗ್ ಹೋಮ್, ಎಲ್ಲಿ ನೋಡಿದರೂ ನಾಲ್ಕೋ ಹತ್ತೋ ಯಂತ್ರಗಳು ಒಂದೇ ಜಾಲದಲ್ಲಿ ಕೂತಿವೆ. ನಾನು ಇಂಥ ಕಡೆ ಕೇಬಲ್ ಎಳೆದು, ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಕೂರಿಸಿ ಹೊಟ್ಟೆ ಹೊರೆಯುವವನು. ಹೋದಲ್ಲೆಲ್ಲ ಒಂದು ಮಾತು ಕೇಳುತ್ತೇನೆ: ಈ ನೆಟ್‌ವರ್ಕ್ ನೋಡಿಕೊಳ್ಳುವವರು ಯಾರು? ಮ್ಯಾನೇಜರ್ ಕ್ಲರ್ಕ್ ಮುಖ ನೋಡುತ್ತಾರೆ. ಕ್ಲರ್ಕ್ ಸಿಸಿ ಕ್ಯಾಮೆರಾ ಹಾಕಿದ ಹುಡುಗನ ಹೆಸರು ಹೇಳುತ್ತಾರೆ. ಆ ಹುಡುಗ ಬೆಂಗಳೂರು ಸೇರಿ ವರ್ಷವಾಗಿರುತ್ತದೆ, ಪಾಸ್‌ವರ್ಡ್ ಅವನ ಜೊತೆಗೇ ಹೋಗಿರುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಆಮೇಲೆ ಎಲ್ಲರೂ ಕೇಳಿದ್ದು ಆ ಚೈನ್ ನೋಡುವ ಕೆಲಸ ಯಾರದ್ದಿತ್ತು ಅಂತ. ಕಂಪ್ಯೂಟರ್ ವಿಷಯದಲ್ಲಾದರೂ ಇದನ್ನು ನೀರು ಹೋಗುವ ಮೊದಲೇ ಕೇಳೋಣ ಎಂದು ಈ ಪತ್ರ.

"ಆಂಟಿವೈರಸ್ ಇದೆಯಲ್ಲ ಸರ್" ಅನ್ನುವುದು ಎಲ್ಲರ ಉತ್ತರ. ಇರಲಿ, ಬೇಕು. ಆದರೆ ಟ್ಯಾಲಿ ಡೇಟಾ ಇರುವ ಫೋಲ್ಡರ್ ಆಫೀಸಿನ ಎಲ್ಲರೂ ಅಳಿಸಬಹುದಾದಂತೆ ಷೇರ್ ಮಾಡಿಟ್ಟರೆ ಆಂಟಿವೈರಸ್ ಏನು ಮಾಡೀತು? ಸಾಫ್ಟ್‌ವೇರ್ ಕಂಪನಿಯವರು ದೂರದಿಂದಲೇ ರಿಪೇರಿ ಮಾಡಲು ಎನಿಡೆಸ್ಕ್ ಎಂಬ ತಂತ್ರಾಂಶ ಹಾಕಿ, ಅದಕ್ಕೊಂದು ಕಾಯಂ ಪಾಸ್‌ವರ್ಡ್ ಇಟ್ಟು ಹೋಗಿರುತ್ತಾರೆ. ಅದು ಹಗಲು ರಾತ್ರಿ ತೆರೆದೇ ಇರುತ್ತದೆ. ಇನ್ನು ಕ್ಯಾಮೆರಾದ ಡಿವಿಆರ್, ಅಂದರೆ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆಯ ಕಥೆ ಕೇಳಲೇಬೇಡಿ. ಯಜಮಾನರು ಮನೆಯಿಂದ ಮೊಬೈಲ್‌ನಲ್ಲಿ ಅಂಗಡಿ ನೋಡಬೇಕು ಅಂತ ಅದನ್ನು ನೇರ ಇಂಟರ್ನೆಟ್‌ಗೆ ಬಿಟ್ಟಿರುತ್ತಾರೆ, ಪಾಸ್‌ವರ್ಡ್ ಮಾತ್ರ ಕಂಪನಿಯಿಂದ ಬಂದಾಗ ಇದ್ದದ್ದೇ. 2016ರಲ್ಲಿ ಮಿರಾಯ್ ಎಂಬ ವೈರಸ್ ಜಗತ್ತಿನಾದ್ಯಂತ ಹುಡುಕಿ ಹಿಡಿದದ್ದು ಇಂಥ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನೇ. ಅವುಗಳನ್ನು ಸೇನೆಯಂತೆ ಸೇರಿಸಿಕೊಂಡು ಅಮೆರಿಕದ ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನೇ ಗಂಟೆಗಟ್ಟಲೆ ಮಲಗಿಸಿತು.

ನಮ್ಮಂಥ ಸಣ್ಣೂರಿನ ಆಫೀಸಿಗೆ ಯಾರು ಬರ್ತಾರೆ ಅನ್ನುವವರಿಗೆ 2024ರ ಜುಲೈ 31 ನೆನಪಿಸಬೇಕು. ಬ್ಯಾಂಕ್‌ಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಎಂಬ ಕಂಪನಿಗೆ ರ‍್ಯಾನ್ಸಮ್‌ವೇರ್ ತಗುಲಿತು. ರ‍್ಯಾನ್ಸಮ್‌ವೇರ್ ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್. ಅದು ಹರಡದಿರಲಿ ಎಂದು ರಾಷ್ಟ್ರೀಯ ಪಾವತಿ ನಿಗಮ ಆ ಕಂಪನಿಯ ಸಂಪರ್ಕ ಕಡಿದು ಹಾಕಿತು. ದೇಶದ ಸುಮಾರು 300 ಸಣ್ಣ ಬ್ಯಾಂಕ್‌ಗಳ, ಅದರಲ್ಲೂ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕ್‌ಗಳ ಯುಪಿಐ, ಎಟಿಎಂ ಎಲ್ಲ ಮರುದಿನ ಸರಿಹೋಗುವವರೆಗೆ ನಿಂತವು. ಆ ಬ್ಯಾಂಕ್‌ಗಳಲ್ಲಿ ತಪ್ಪೇನೂ ಆಗಿರಲಿಲ್ಲ ಅನ್ನುವುದನ್ನು ಗಮನಿಸಿ. ಜಾಲ ಅಂದಮೇಲೆ ಬೇರೆಯವರ ಕಾಯಿಲೆ ನಮಗೂ ಬರುತ್ತದೆ. ಈಗ ಕೇಂದ್ರದ ಯೋಜನೆಯಲ್ಲಿ ಹಳ್ಳಿಯ ಸೊಸೈಟಿಗಳೂ ಕಂಪ್ಯೂಟರ್ ಜಾಲಕ್ಕೆ ಸೇರುತ್ತಿವೆ. 2022ರಲ್ಲಿ ಒಪ್ಪಿಗೆ ಕೊಟ್ಟಾಗಲೇ ಲೆಕ್ಕ 63,000 ಸೊಸೈಟಿಗಳದ್ದಿತ್ತು. ಒಳ್ಳೆಯದೇ. ಯಂತ್ರ ಬರುತ್ತದೆ, ಅದನ್ನು ಕಾಯುವವರು ಯಾರು ಅನ್ನುವುದು ನನ್ನ ತಕರಾರು.

ಎಲ್ಲವನ್ನೂ ಒಂದೇ ಸ್ವಿಚ್‌ಗೆ ಚುಚ್ಚುವುದು ನಮ್ಮಲ್ಲಿ ಜಾಸ್ತಿ. ಲೆಕ್ಕದ ಯಂತ್ರ, ಕ್ಯಾಮೆರಾ, ಬಂದವರಿಗೆಲ್ಲ ಕೊಡುವ ವೈಫೈ, ಮಾಲೀಕರ ಮಗ ಗೇಮ್ ಆಡುವ ಲ್ಯಾಪ್‌ಟಾಪ್, ಎಲ್ಲ ಒಂದರಲ್ಲೇ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಬಿದ್ದಾಗ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದ ಕಾರಣ, ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ ಅಂತ. ಅಷ್ಟು ದೊಡ್ಡ ಆಸ್ಪತ್ರೆ ದಿನಗಟ್ಟಲೆ ಪೆನ್ನು ಪೇಪರ್ ಹಿಡಿಯಬೇಕಾಯಿತು. ಅದಕ್ಕೂ ಮೊದಲು 2019ರಲ್ಲಿ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ಆಡಳಿತ ವಿಭಾಗದ ಒಂದು ಕಂಪ್ಯೂಟರ್‌ಗೆ ವೈರಸ್ ಬಂದಿತ್ತು. ಸ್ಥಾವರ ನಡೆಸುವ ಜಾಲ ಬೇರೆಯೇ ಇದ್ದದ್ದರಿಂದ ಅಲ್ಲಿಗೆ ತಲುಪಲಿಲ್ಲ ಎಂದು ಅಣು ವಿದ್ಯುತ್ ನಿಗಮ ತಿಳಿಸಿತು. ಸಣ್ಣ ಆಫೀಸಿಗೆ ಇದಕ್ಕೆ ಲಕ್ಷಗಟ್ಟಲೆ ಬೇಕಿಲ್ಲ. ಇವತ್ತಿನ ಎಷ್ಟೋ ರೌಟರ್‌ಗಳಲ್ಲಿ ಗೆಸ್ಟ್ ವೈಫೈ ಅಂತ ಒಂದು ಸೌಲಭ್ಯ ಸುಮ್ನೆ ಬಿದ್ದಿರುತ್ತದೆ. ಹೊರಗಿನವರನ್ನು ಅದಕ್ಕೆ ಬಿಟ್ಟರೆ ಅರ್ಧ ತಲೆನೋವು ಹೋಯಿತು. ಲೆಕ್ಕದ ಯಂತ್ರಗಳಿಗೆ ಒಂದು ಬೇರೆ ರೌಟರ್ ಹಾಕಿಸಿದರೆ ಇನ್ನೂ ಚೆಂದ.

ಅಪ್‌ಡೇಟ್ ಬಗ್ಗೆ ನಮ್ಮವರದು ವಿಚಿತ್ರ ದ್ವೇಷ. ನೆಟ್ ಸ್ಲೋ ಆಗುತ್ತದೆ ಅಂತ ಮೊದಲು ಅದನ್ನೇ ಬಂದ್ ಮಾಡಿಸುತ್ತಾರೆ. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಸಿಕೊಂಡವರಂತೂ ಅಪ್‌ಡೇಟ್ ಅಂದರೆ ಹೆದರುತ್ತಾರೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಸುಮಾರು 150 ದೇಶಗಳನ್ನು ಕಾಡಿತು, ಪಕ್ಕದ ಆಂಧ್ರದ ಪೊಲೀಸ್ ಠಾಣೆಗಳ ಕಂಪ್ಯೂಟರ್‌ಗಳನ್ನೂ ಬಿಡಲಿಲ್ಲ. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ. ನಮ್ಮ ಕಡೆ ವಿಂಡೋಸ್ 7 ಕೂಡ ಇನ್ನೂ ಓಡುತ್ತಿದೆ ಅಂದರೆ ನಂಬುತ್ತೀರಾ?

ಬ್ಯಾಕಪ್ ಇದೆಯಾ ಅಂದರೆ ಇದೆ ಅನ್ನುತ್ತಾರೆ, ಸರ್ವರ್‌ಗೆ ಸದಾ ಚುಚ್ಚಿಕೊಂಡೇ ಇರುವ ಹಾರ್ಡ್‌ಡಿಸ್ಕ್ ತೋರಿಸುತ್ತಾರೆ. ರ‍್ಯಾನ್ಸಮ್‌ವೇರ್ ಬಂದರೆ ಮೂಲದ ಜೊತೆ ಅದಕ್ಕೂ ಬೀಗ ಬೀಳುತ್ತದೆ ಸ್ವಾಮಿ! ಒಂದು ಪ್ರತಿಯನ್ನಾದರೂ ಕಿತ್ತು ಬೀರುವಿನಲ್ಲಿಡಬೇಕು, ಆಗಾಗ ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ನಮ್ಮ ಬೇಸಿಗೆಗೆ, ಕರೆಂಟ್ ಹೋಗಿ ಬರುವ ಆಟಕ್ಕೆ ಹಾರ್ಡ್‌ಡಿಸ್ಕ್ ತಾನಾಗೇ ಸಾಯುವುದೂ ಉಂಟು.

ಕೊನೆಗೆ ಏನಾದರೂ ಆಗಿಯೇ ಬಿಟ್ಟರೆ? ಇಲ್ಲಿ ನಡೆಯುವುದು ಇಷ್ಟೇ, ರಿಪೇರಿಯವನನ್ನು ಕರೆದು ಫಾರ್ಮ್ಯಾಟ್ ಹೊಡೆಸಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಯಾರು ಬಂದರು, ಎಲ್ಲಿಂದ ಬಂದರು ಅನ್ನುವ ಗುರುತೆಲ್ಲ ಅದರಲ್ಲೇ ಹೋಗುತ್ತದೆ. ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ, ಯಂತ್ರವನ್ನು ಹಾಗೇ ಬಿಡಿ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಸೆರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಇಂಥದ್ದು ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಗೊತ್ತಿಲ್ಲದೆ ವೈರಸ್ ಇದ್ದ ಮೇಲ್ ತೆರೆದ ಕ್ಲರ್ಕ್‌ಗೆ ಎಲ್ಲರೆದುರು ಬೈಯುವ ಯಜಮಾನರಿಗೂ ಒಂದು ಮಾತು, ಬೈದರೆ ಮುಂದಿನ ಸಲ ಅವರು ಹೇಳುವುದೇ ಇಲ್ಲ, ನಿಮಗೆ ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಆಡಿಟ್‌ಗೆ ಬಂದವರು ಒಂದೊಂದು ವೋಚರ್ ತಿರುವಿ ಹಾಕುತ್ತಾರೆ. ಬ್ಯಾಕಪ್ ತೆರೆದು ತೋರಿಸಿ ಎಂದು ಕೇಳಿದ್ದನ್ನು ನಾನಂತೂ ನೋಡಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಸಹಕಾರ ಇಲಾಖೆಯವರು ಇದನ್ನೂ ತಪಾಸಣೆಗೆ ಸೇರಿಸಲಿ. ಅವರು ಮಾಡುವವರೆಗೆ ಸದಸ್ಯರೇ ಸರ್ವ ಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಬಹುದು: ನಮ್ಮ ಸಂಘದ ಕಂಪ್ಯೂಟರ್ ಜಾಲದ ಹೊಣೆ ಯಾರದ್ದು, ಅವರು ರಜೆ ಹೋದರೆ ಯಾರು, ಕೊನೆಯ ಬ್ಯಾಕಪ್ ತೆರೆದು ನೋಡಿದ್ದು ಯಾವಾಗ? ಉತ್ತರವನ್ನು ಹೆಸರು ಸಮೇತ ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ.

ಇಂತಿ,
ನೆಟ್‌ವರ್ಕ್ ಕೆಲಸದವ,
ಸಿಂಧನೂರು, ರಾಯಚೂರು ಜಿಲ್ಲೆ