ಕತ್ತಲೆ ಕೋಣೆಯ ಡಾಕ್ಟರಿಗೂ ಒಂದು ನಮಸ್ಕಾರ

ಎಲ್ಲರಿಗೂ ನಮಸ್ಕಾರ. ನಿನ್ನೆ ಯಾರ ಕೈಯನ್ನೂ ಹಿಡಿಯದೆ ಮಹಡಿ ಹತ್ತಿದೆ. ಫೋನ್ ಮಾಡಿ ವಿಚಾರಿಸಿದ ಎಷ್ಟೋ ಜನಕ್ಕೆ ಸರಿಯಾಗಿ ಉತ್ತರ ಹೇಳಲು ಆಗಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾಯಿಲೆಯ ಹೆಸರು ಸ್ಪೈನಲ್ ಎಪಿಡ್ಯೂರಲ್ ಲಿಪೊಮಾಟೋಸಿಸ್. ಬೆನ್ನುಮೂಳೆಯ ಒಳಗೆ, ಬೆನ್ನುಹುರಿಯ ಪೊರೆಯ ಸುತ್ತ ಎಲ್ಲರಿಗೂ ಒಂದಿಷ್ಟು ಕೊಬ್ಬು ಇದ್ದೇ ಇರುತ್ತದೆ. ನನಗೆ ಅದು ಅತಿಯಾಗಿ ಬೆಳೆದು ಹುರಿಯನ್ನೇ ಒತ್ತುತ್ತಿತ್ತು. ಕ್ಯಾನ್ಸರ್ ಅಲ್ಲ ಎಂದು ನೆಂಟರನ್ನು ನಂಬಿಸುವಷ್ಟರಲ್ಲಿ ಸಾಕಾಯಿತು. ಬೊಜ್ಜಿನಿಂದಲೂ ಬರುತ್ತದಂತೆ, ನನ್ನ ವಿಷಯದಲ್ಲಿ ಮೂಲ, ಸಂಧಿವಾತಕ್ಕೆ ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆ. 1975ರಲ್ಲಿ ಇದು ಮೊದಲು ವರದಿಯಾದದ್ದೂ ಕಿಡ್ನಿ ಕಸಿಯಾಗಿ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದ ರೋಗಿಯಲ್ಲೇ.

ಮೊದಲ ವಂದನೆ ನರರೋಗ ತಜ್ಞೆ ಮೇಡಂಗೆ. ಕಾಲಿಂದ ಚಪ್ಪಲಿ ಕಳಚಿದರೂ ನನಗೆ ತಿಳಿಯುತ್ತಿರಲಿಲ್ಲ. ಸೊಂಟದ ಎಂಆರ್‌ಐ ನೋಡಿದವರೆಲ್ಲ ವಯಸ್ಸಿನ ಸವಕಳಿ ಅಂದಿದ್ದರು. ಮೇಡಂ ಫಿಲಂ ಪಕ್ಕಕ್ಕಿಟ್ಟು ಬೀಗದ ಕೈ ತುದಿಯಿಂದ ನನ್ನ ಅಂಗಾಲು ಗೀರಿದರು. ಹೆಬ್ಬೆರಳು ತಾನಾಗಿ ಮೇಲಕ್ಕೆದ್ದಿತು, ಹುರಿಗೇ ತೊಂದರೆಯಾಗಿರುವ ಗುರುತಂತೆ ಅದು. "ತೊಂದರೆ ಸೊಂಟದಲ್ಲಿಲ್ಲಮ್ಮ, ಇನ್ನೂ ಮೇಲಿದೆ" ಅಂದವರೇ ಎದೆಮಟ್ಟದ ಬೆನ್ನಿನ ಸ್ಕ್ಯಾನ್ ಬರೆದುಕೊಟ್ಟರು.

ಕತ್ತಲೆ ಕೋಣೆಯಲ್ಲಿ ಕೂತು ಸ್ಕ್ಯಾನ್ ಓದುವ ಡಾಕ್ಟರ ಮುಖವನ್ನು ನಾವು ರೋಗಿಗಳು ನೋಡುವುದು ಅಪರೂಪ. ನನ್ನ ಸ್ಕ್ಯಾನ್ ಓದಿದ ಈ ಹುಡುಗ ತಾನಾಗಿ ಹೊರಗೆ ಬಂದು, "ಆಂಟಿ, ಸ್ಟೀರಾಯ್ಡ್ ತಗೋತೀರಾ? ಎಷ್ಟು ವರ್ಷದಿಂದ?" ಅಂತ ಕೇಳಿದರು. ಹುರಿಯ ಹಿಂದೆ ಬೆಳ್ಳಗೆ ಹೊಳೆಯುವ ಪಟ್ಟಿ ತೋರಿಸಿದರು. ಕೊಬ್ಬನ್ನು ಮಂಕಾಗಿಸಿ ತೆಗೆದ ಇನ್ನೊಂದು ಚಿತ್ರದಲ್ಲಿ ಅದೇ ಪಟ್ಟಿ ಕಪ್ಪು, ಅಂದರೆ ಅದು ಕೊಬ್ಬೇ. ಹೆಪ್ಪುಗಟ್ಟಿದ ರಕ್ತವಾಗಿದ್ದರೆ ಹೀಗೆ ಕಪ್ಪಾಗುತ್ತಿರಲಿಲ್ಲವಂತೆ. ಅಷ್ಟು ತಾಳ್ಮೆಯಿಂದ ನನಗೆ ಹೇಳಬೇಕಾದ ಅಗತ್ಯ ಅವರಿಗಿರಲಿಲ್ಲ.

ಮೂಳೆಯ ಹಿಂಬದಿ ತೆಗೆದು ಕೊಬ್ಬು ಹೊರಹಾಕಿದ ಸರ್ಜನ್, ಬೈದು ಬೈದು ನಡೆಸಿದ ಫಿಸಿಯೋಥೆರಪಿ ಅಣ್ಣ, ನಿಮ್ಮ ಋಣ ದೊಡ್ಡದು. ಮಾತ್ರೆ ಇವತ್ತೇ ಬಿಡ್ತೀನಿ ಎಂದು ನಾನು ಹಟ ಮಾಡಿದಾಗ, ಹಾಗೆ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಎಂದು ತಡೆದು, ಬೇರೆ ಔಷಧ ಕೊಟ್ಟು ಸ್ವಲ್ಪಸ್ವಲ್ಪವೇ ಇಳಿಸುತ್ತಿರುವ ಸಂಧಿವಾತದ ಡಾಕ್ಟರಿಗೂ ಶರಣು. ಎಡಗಾಲಿನ ಜೋಮು ಇನ್ನೂ ಪೂರ್ತಿ ಹೋಗಿಲ್ಲ, ನಿಧಾನಕ್ಕೆ ಇಳಿಯುತ್ತಿದೆ.

ಕೆಳಮನೆ ಅಕ್ಕ, ನೀವು ಸಾರು ಕಳಿಸಿದ ಡಬ್ಬಿಗಳೆಲ್ಲ ನಮ್ಮಲ್ಲೇ ಇವೆ. ಖಾಲಿ ಹೇಗೆ ಕೊಡಲಿ? ಚಕ್ಕುಲಿ ಕರಿಯುವಷ್ಟು ಹೊತ್ತು ನಿಲ್ಲಲು ಬರಲಿ, ನಾನೇ ಇಳಿದು ಬಂದು ಕೊಡ್ತೀನಿ.